ಆ ಎಲೆಗೆ ಕೂರಬೇಡಿ

ಒಂಬತ್ತನೇ ತರಗತಿಯ ಹುಡುಗಿಯೊಬ್ಬಳ ಮದುವೆಯಲ್ಲಿ ನಾನು ಒಬ್ಬಟ್ಟು ತಿಂದಿದ್ದೇನೆ. ಮೇಲೆ ತುಪ್ಪ ಹಾಕಿಸಿಕೊಂಡು ತಿಂದಿದ್ದೇನೆ. ಟೀಚರಮ್ಮ ಬಂದರೆಂದು ಮೊದಲ ಪಂಕ್ತಿಯಲ್ಲೇ ಎಲೆ ಹಾಕಿಸಿದ್ದರು. ಕೈ ತೊಳೆದು ಮಂಟಪದ ಹತ್ತಿರ ಹೋದಾಗ ಆ ಹುಡುಗಿ, ಪಾಠ ಓದಲು ಎಬ್ಬಿಸಿದಾಗ ನಗುತ್ತಿದ್ದ ಹಾಗೆಯೇ ನಕ್ಕಳು. ಮೊಣಕೈವರೆಗೆ ಹಸಿರು ಬಳೆ. ಕವರಿನಲ್ಲಿ ನೂರಾ ಒಂದು ರೂಪಾಯಿ ಇಟ್ಟು ಅವಳ ಕೈಗೆ ಕೊಟ್ಟೆ. ಅವಳ ಹುಟ್ಟಿದ ತಾರೀಖು ನನಗೆ ಗೊತ್ತಿತ್ತು. ದಾಖಲಾತಿ ಪುಸ್ತಕದಲ್ಲಿ ಅದನ್ನು ಬರೆದವಳೇ ನಾನು. ಅವಳ ಅಪ್ಪನಿಗೆ ನಾನು ಆಡಿದ ಮಾತು ಒಂದೇ: "ಪರೀಕ್ಷೆ ಒಂದು ಬರೆಸಿಬಿಡಿ." "ಅದಕ್ಕೇನಂತೆ ಮೇಡಂ, ಬರೆಸ್ತೀವಿ" ಅಂದರು. ಜೂನ್ ತಿಂಗಳಲ್ಲಿ ಹೊಸ ಹಾಜರಿ ಪುಸ್ತಕಕ್ಕೆ ಹೆಸರು ಇಳಿಸುವಾಗ ಆ ಒಂದು ಹೆಸರನ್ನು ಬಿಟ್ಟು ಬರೆದೆ.

ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ನಾನು ಯಾರನ್ನು ಕೇಳಿದರೂ ಆ ಪ್ರಶ್ನೆ ಮೊದಲು ನನಗೇ ತಗಲುತ್ತದೆ.

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ. ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳನ್ನು ಸೇರಿಸಿ ಸರ್ಕಾರ ಒಂದು ಹೆಸರು ಕೊಟ್ಟಿದೆ: ಮಧುಗಿರಿ ಶೈಕ್ಷಣಿಕ ಜಿಲ್ಲೆ. ಕಂದಾಯಕ್ಕೆ ತುಮಕೂರು, ಓದಿಗೆ ಮಧುಗಿರಿ. ಈ ನಾಲ್ಕನ್ನೂ ಒಟ್ಟಿಗೆ ಕಟ್ಟಿರುವ ಹಗ್ಗ ಶಾಲೆ ಎಂದೇ ಅರ್ಥ. ಆ ಹಗ್ಗ ಎಲ್ಲಿ ಸವೆದಿದೆ ಎಂದು ನೋಡಬೇಕಾದರೆ ಎಂಟನೇ ತರಗತಿಯ ಹೆಣ್ಣುಮಕ್ಕಳ ಹೆಸರುಗಳನ್ನು ಇಟ್ಟುಕೊಂಡು, ನಾಲ್ಕು ವರ್ಷದ ಮೇಲೆ ದ್ವಿತೀಯ ಪಿಯುಸಿಯ ಪಟ್ಟಿಯಲ್ಲಿ ಹುಡುಕಿ. ಸಿಗದ ಹೆಸರುಗಳ ಮನೆಗೆ ಹೋಗಿ ಬಾಗಿಲು ತಟ್ಟಿ. ಒಂದಷ್ಟು ಹುಡುಗಿಯರು ಗಾರ್ಮೆಂಟ್ಸಿನಲ್ಲಿರುತ್ತಾರೆ, ಒಂದಷ್ಟು ಜನ ಮನೆಯಲ್ಲೇ ಇರುತ್ತಾರೆ. ಇನ್ನುಳಿದವರ ಅಮ್ಮಂದಿರು ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಕೊಟ್ಬಿಟ್ವಿ ಮೇಡಂ" ಅನ್ನುತ್ತಾರೆ. ಈ 'ಕೊಟ್ಬಿಟ್ವಿ' ಎನ್ನುವುದನ್ನು ಎಮ್ಮೆ ಮಾರಿದ ಮೇಲೂ ಇದೇ ಧ್ವನಿಯಲ್ಲಿ ಹೇಳುವುದನ್ನು ಕೇಳಿದ್ದೇನೆ.

ನಮ್ಮದು ಬರದ ಸೀಮೆ. 2002ರಲ್ಲಿ ನಂಜುಂಡಪ್ಪ ಸಮಿತಿ ಮಾಡಿದ ಹಿಂದುಳಿದ ತಾಲ್ಲೂಕುಗಳ ಪಟ್ಟಿಯಲ್ಲಿ ಈ ನಾಲ್ಕೂ ಇವೆ. ಕಡಲೆಕಾಯಿ ನಂಬಿದ ಹೊಲ, ಆಳಕ್ಕೆ ಇಳಿದಷ್ಟೂ ಫ್ಲೋರೈಡ್ ಕಕ್ಕುವ ಬೋರ್‌ವೆಲ್, ಮಳೆ ಕೈಕೊಟ್ಟ ವರ್ಷ ಬೆಂಗಳೂರಿನ ಬಸ್ಸು. ಹೀಗೆ ಬರ ಬಂದಾಗಲೆಲ್ಲ ಈ ಸೀಮೆಯ ಬಡವರು ಗಂಡುಮಕ್ಕಳ ಕೈ ಹಿಡಿದು ಸಿದ್ಧಗಂಗಾ ಮಠಕ್ಕೆ ನಡೆದರು. ಶಿವಕುಮಾರ ಸ್ವಾಮಿಗಳ ದಾಸೋಹದಲ್ಲಿ ಉಂಡು ಓದಿದ ಆ ಹುಡುಗರು ಮೇಷ್ಟ್ರಾದರು, ತಹಶೀಲ್ದಾರರಾದರು, ನಮ್ಮ ಊರುಗಳಿಗೆ ಹೆಸರು ತಂದರು. ಅದೇ ಮನೆಯ ಹೆಣ್ಣುಮಗುವನ್ನು ಅದೇ ಬರದ ವರ್ಷ ಏನು ಮಾಡಿದರು? ಉಣ್ಣುವ ಬಾಯಿ ಒಂದು ಕಡಿಮೆಯಾಗಲಿ ಎಂದು ಧಾರೆ ಎರೆದರು. ಗಂಡಿಗೆ ಮಠ, ಹೆಣ್ಣಿಗೆ ಮದುವೆ. ಬಡತನ ಇಬ್ಬರಿಗೂ ಒಂದೇ ಇತ್ತು. ಅವನನ್ನು ಬಿಡಲು ಒಂದು ಜಾಗ ಇದೆ ಎಂದು ಮನೆಯವರಿಗೆ ಗೊತ್ತಿತ್ತು, ಇವಳನ್ನು ಬಿಡಲು ಅವರಿಗೆ ಗೊತ್ತಿದ್ದ ಜಾಗ ಅತ್ತೆಮನೆ ಒಂದೇ. ಹಾಗಾಗಿ "ಬಡತನ ಮೇಡಂ, ಏನ್ ಮಾಡಾದು" ಎಂದು ಯಾರಾದರೂ ಅಂದಾಗ ನಾನು ಅರ್ಧ ಮಾತ್ರ ತಲೆ ಆಡಿಸುತ್ತೇನೆ. ಐದೆಕರೆ ಅಡಿಕೆ ತೋಟ ಇದ್ದವರೂ ಹದಿನಾರಕ್ಕೆ ಮಗಳನ್ನು ಕೊಟ್ಟಿದ್ದನ್ನು ಶಿರಾ ಕಡೆ ನೋಡಿದ್ದೇನೆ.

ನನ್ನ ಮದುವೆ ತಪ್ಪಿದ್ದೂ ಬರದಿಂದಲೇ ಎಂದರೆ ನಗಬೇಡಿ. ಹತ್ತನೇ ತರಗತಿಯಲ್ಲಿದ್ದಾಗ ಅತ್ತೆಯ ಮಗನಿಗೆ ಎಂದು ಮಾತಾಗಿತ್ತು. ಆ ವರ್ಷ ಅವರ ಕಡಲೆಕಾಯಿ ಬಿತ್ತಿದ ಬೀಜವೂ ಹುಟ್ಟದೆ ಹೋಯಿತು. ಮುಂದಿನ ಮಾಘಕ್ಕೆ ನೋಡೋಣ ಅಂದರು. ಮುಂದಿನ ಮಾಘ ಬರುವಷ್ಟರಲ್ಲಿ ನನಗೆ ಟಿಸಿಎಚ್ ಸೀಟು ಸಿಕ್ಕಿತ್ತು. ಒಂದು ಬೆಳೆ ಬಂದಿದ್ದರೆ ಈ ಲೇಖನವನ್ನು ಬರೆಯುವ ಕೈ ಯಾವುದೋ ಹಟ್ಟಿಯಲ್ಲಿ ಮುದ್ದೆ ತಿರುವುತ್ತಿತ್ತು. ಮುದ್ದೆ ತಿರುವುವುದು ಕೀಳೆಂದಲ್ಲ, ಈಗಲೂ ತಿರುವುತ್ತೇನೆ. ಆದರೆ ನನ್ನ ಜೀವಮಾನವನ್ನು ಮೋಡ ನಿರ್ಧರಿಸಿತಲ್ಲ ಎಂಬುದು ನೆನೆದಾಗಲೆಲ್ಲ ಮೈ ನಡುಗುತ್ತದೆ.

ಬಡತನ ಅರ್ಧ ಕಾರಣವಷ್ಟೇ ಆದರೆ, ಮತ್ತೆ ಯಾಕೆ ಕೊಡುತ್ತಾರೆ? ಅವರ ಬಾಯಲ್ಲೇ ಕೇಳಿ.

"ಹುಡುಗಿ ದೊಡ್ಡೋಳಾದ್ಲು, ನಾವು ಸುಗ್ಗಿ ಮುಗಿದ ಮೇಲೆ ಬೆಂಗ್ಳೂರಿಗೆ ಹೋಗ್ಬೇಕು, ಯಾರ ಮನೇಲಿ ಬಿಟ್ಟು ಹೋಗಾದು?" ಇದು ನಾನು ಅತಿ ಹೆಚ್ಚು ಕೇಳಿದ ಮಾತು. ಗಂಡ ಹೆಂಡಿರಿಬ್ಬರೂ ಕಟ್ಟಡದ ಕೆಲಸಕ್ಕೆ ಹೋಗುತ್ತಾರೆ, ಶೀಟಿನ ಗುಡಿಸಲಲ್ಲಿ ಮಲಗುತ್ತಾರೆ. ಅಲ್ಲಿಗೆ ಮೈನೆರೆದ ಮಗಳನ್ನು ಕರೆದೊಯ್ಯಲು ಭಯ, ಊರಲ್ಲಿ ಬಿಡಲೂ ಭಯ. ಕುರಿ ಹಿಂದೆ ತಿಂಗಳುಗಟ್ಟಲೆ ಅಲೆಯುವವರಿಗೂ ಇದೇ ಸಂಕಟ. ಪಾವಗಡದ ತಿರುಮಣಿ ಸುತ್ತ ಹದಿಮೂರು ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೋಲಾರ್ ಪಾರ್ಕ್ ಬಂತು. ಜಮೀನಿದ್ದವರಿಗೆ ವರ್ಷಕ್ಕೆ ಗುತ್ತಿಗೆ ಹಣ ಬಂತು. ಆ ಜಮೀನಿನಲ್ಲಿ ಕಳೆ ಕೀಳುತ್ತಿದ್ದ, ಕಡಲೆಕಾಯಿ ಬಿಡಿಸುತ್ತಿದ್ದ ಕೂಲಿಯವರಿಗೆ ಗುತ್ತಿಗೆಯೂ ಇಲ್ಲ, ಕಳೆಯೂ ಇಲ್ಲ. ಅವರು ಊರು ಬಿಟ್ಟರೆ ಮಗಳನ್ನು ಎಲ್ಲಿ ಬಿಡುತ್ತಾರೆ ಎಂಬ ಪ್ರಶ್ನೆ ಯಾವ ಯೋಜನೆಯ ಕಡತದಲ್ಲಿ ಬರುತ್ತದೆ?

"ಒಳ್ಳೆ ಸಂಬಂಧ ಬಂದೈತೆ, ಬಿಟ್ರೆ ಸಿಗಾಕಿಲ್ಲ." ಆಂಧ್ರದ ಗಡಿಯ ಊರುಗಳಲ್ಲಿ ಇದನ್ನೇ ತೆಲುಗಿನಲ್ಲಿ ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಈ ಒಳ್ಳೆ ಸಂಬಂಧದ ಲೆಕ್ಕ ಬಿಡಿಸಿ ನೋಡಿದರೆ ಸಿಗುವುದು ಇದು: ಪಿಯುಸಿ ಓದಿಸಿದರೆ ಡಿಗ್ರಿ ಓದಿದ ಗಂಡು ಹುಡುಕಬೇಕು, ಡಿಗ್ರಿ ಗಂಡಿಗೆ ಬಂಗಾರ ಜಾಸ್ತಿ, ಬೈಕು ಬೇರೆ. ನಮ್ಮ ದುಡಿಯುವ ಜಾತಿಗಳಲ್ಲಿ ಹಿಂದೆ ಗಂಡಿನ ಕಡೆಯವರೇ ಹೆಣ್ಣಿನ ಮನೆಗೆ ತೆರ ಕೊಡುತ್ತಿದ್ದರು. ಹೊಲಕ್ಕೆ ದುಡಿಯುವ ಎರಡು ಕೈ ಬರುತ್ತಿವೆಯೆಂಬ ಅರಿವು ಆ ತೆರದಲ್ಲಿ ಇತ್ತು. ಮೇಲ್ಜಾತಿಯವರನ್ನು ನೋಡಿ ತೆರ ಬಿಟ್ಟು ವರದಕ್ಷಿಣೆ ಕಲಿತೆವು. ಕಲಿಯುವುದಕ್ಕೆ ಬೇರೇನೂ ಸಿಗಲಿಲ್ಲ ನಮಗೆ!

ಇತ್ತೀಚೆಗೆ ಇನ್ನೊಂದು ಸೇರಿಕೊಂಡಿದೆ. ಮೂವತ್ತು ದಾಟಿದ ರೈತರ ಮಕ್ಕಳಿಗೆ ಹೆಣ್ಣು ಸಿಗುತ್ತಿಲ್ಲ. 2023ರಲ್ಲಿ ಮಂಡ್ಯದ ಕಡೆಯ ಅವಿವಾಹಿತ ಯುವಕರು ಮಾದಪ್ಪನ ಬೆಟ್ಟಕ್ಕೆ ಪಾದಯಾತ್ರೆ ಹೋದದ್ದನ್ನು ನಾವೆಲ್ಲ ಪತ್ರಿಕೆಯಲ್ಲಿ ಓದಿ ನಕ್ಕೆವು. ನಗುವ ವಿಷಯ ಅಲ್ಲವೇ ಅಲ್ಲ. ಓದಿದ ಹುಡುಗಿ ಹಳ್ಳಿಯ ಗಂಡನ್ನು ಒಲ್ಲೆ ಎಂದಾಗ, ಆ ಗಂಡಿನ ಕಡೆಯವರ ಕಣ್ಣು ಇನ್ನೂ ಓದುತ್ತಿರುವ, ಒಲ್ಲೆ ಎನ್ನಲು ಬಾಯಿ ಬಾರದ ಹುಡುಗಿಯ ಮೇಲೆ ಬೀಳುತ್ತದೆ. "ನೀವು ಹುಡುಗಿ ಕೊಟ್ರೆ ಸಾಕು, ಮದುವೆ ಖರ್ಚು ನಮ್ದು." ಸಾಲದಲ್ಲಿರುವ ಅಪ್ಪನಿಗೆ ಇದಕ್ಕಿಂತ ಸಿಹಿಯಾದ ಮಾತು ಇನ್ನೊಂದಿಲ್ಲ. ಹುಡುಗಿಗೆ ಹದಿನಾರು, ಅವನಿಗೆ ಮೂವತ್ತನಾಲ್ಕು.

ಸೋದರಮಾವನ ವಿಷಯ ಇನ್ನೂ ಸೂಕ್ಷ್ಮ. ತೊಟ್ಟಿಲ ಮುಂದೆ ನಿಂತು "ಇವಳು ನನ್ನವಳೇ" ಎಂದು ಮಾತು ಆಡಿಬಿಟ್ಟಿರುತ್ತಾನೆ. ಅಕ್ಕನಿಗೆ ತವರು ಉಳಿಯುತ್ತದೆ, ಆಸ್ತಿ ಆಚೆ ಹೋಗುವುದಿಲ್ಲ, ಮಗಳು ಕಣ್ಣ ಮುಂದೆ ಇರುತ್ತಾಳೆ. ಮೇಲೆ ಅಜ್ಜಿಯ ಕಣ್ಣೀರು: ಕಣ್ಣು ಮುಚ್ಚುವುದರೊಳಗೆ ಮೊಮ್ಮಗಳ ಕೊರಳಲ್ಲಿ ತಾಳಿ ನೋಡಬೇಕಂತೆ. ನಾನು ಬಲ್ಲ ಎಷ್ಟೋ ಅಜ್ಜಿಯರು ಆ ತಾಳಿ ನೋಡಿ, ಮೊಮ್ಮಗಳ ಎರಡು ಬಾಣಂತನ ಮುಗಿಸಿ, ಇನ್ನೂ ಜಗಲಿಯಲ್ಲಿ ಎಲೆ ಅಡಿಕೆ ಕುಟ್ಟುತ್ತ ಗಟ್ಟಿಯಾಗಿ ಕೂತಿದ್ದಾರೆ.

ಇನ್ನೊಂದು ಭಯ ಇದೆ, ಅದನ್ನು ನಾವು ಸಭೆಗಳಲ್ಲಿ ಹೇಳುವುದಿಲ್ಲ. ಹುಡುಗಿ ಯಾರ ಜೊತೆಯಲ್ಲಾದರೂ ಹೋಗಿಬಿಟ್ಟರೆ? ಅದರಲ್ಲೂ ಬೇರೆ ಜಾತಿಯವನ ಜೊತೆ? ಕೈಯಲ್ಲಿ ಮೊಬೈಲ್ ಕಂಡ ದಿನವೇ ಅಪ್ಪ ಜಾತಕ ಹೊರಗೆ ತೆಗೆದ ಮನೆಗಳಿವೆ. ಈ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಹದಿನಾರು ಹದಿನೇಳರ ಹುಡುಗಿಯರು ಹೋಗುವುದೂ ಉಂಟು, ಹೋಗಿ ಕೆಡುವುದೂ ಉಂಟು. ಆದರೆ ಹದಿನೇಳಕ್ಕೆ ತಾನೇ ಹೋಗಿ ಆದ ಮದುವೆ ಎಳೆತನದ್ದಾದರೆ, ಹದಿನೈದಕ್ಕೆ ನೀವು ಮಾಡಿದ ಮದುವೆ ಹೇಗೆ ಮಾಗಿದ್ದಾಯಿತು? ಮನೆಗೆ ಕಳ್ಳ ಬಂದಾನೆಂದು ನಾವೇ ಮನೆಗೆ ಬೆಂಕಿ ಇಟ್ಟ ಹಾಗಿದೆ.

ದಾರಿಯ ಮಾತೂ ಇದೆ. ಹಳ್ಳಿಯಲ್ಲಿ ಏಳು, ಪಕ್ಕದ ಊರಲ್ಲಿ ಹತ್ತು, ಕಾಲೇಜು ಎಂದರೆ ಹೋಬಳಿಗೋ ತಾಲ್ಲೂಕು ಕೇಂದ್ರಕ್ಕೋ. 2023ರ ಜೂನ್ 11ರಿಂದ ಹೆಣ್ಣುಮಕ್ಕಳಿಗೆ ಸರ್ಕಾರಿ ಬಸ್ಸು ಉಚಿತ, ಒಳ್ಳೆಯದೇ ಆಯಿತು. ಆದರೆ ಖಾಸಗಿ ಬಸ್ಸೇ ಗತಿಯಾದ ಹಾದಿಗಳಲ್ಲಿ ಆ ಟಿಕೆಟ್ ನಡೆಯುವುದಿಲ್ಲ; ಸಂಜೆ ಆರರ ಬಸ್ಸು ತಪ್ಪಿದ ದಿನ ಹುಡುಗಿ ಕತ್ತಲಲ್ಲಿ ನಡೆದು ಬಂದರೆ, ಮರುದಿನವೇ ಊರ ಬಾಯಿ ತೆರೆಯುತ್ತದೆ. ಒಂದು ಬಸ್ಸು ತಪ್ಪಿದ್ದಕ್ಕೆ ಓದು ನಿಂತ ಹುಡುಗಿಯರನ್ನು ನಾನು ಬಲ್ಲೆ.

ಓದಿದವರು ಇದನ್ನೆಲ್ಲ ಕೇಳಿ "ಹಳ್ಳಿ ಜನ, ತಿಳಿವಳಿಕೆ ಇಲ್ಲ" ಎಂದುಬಿಡುತ್ತಾರೆ. ಅವರಿಗೊಂದು ಹಳೆಯ ಕಡತ ತೋರಿಸಬೇಕು. ಮೈಸೂರು ಸಂಸ್ಥಾನದಲ್ಲಿ ಕೆ. ಶೇಷಾದ್ರಿ ಅಯ್ಯರ್ ದಿವಾನರಾಗಿದ್ದಾಗ, 1894ರಲ್ಲಿ, ಶಿಶುವಿವಾಹ ತಡೆಯುವ ಕಾನೂನು ಬಂತು. ಎಂಟು ತುಂಬದ ಹೆಣ್ಣುಮಗುವಿನ ಮದುವೆ ಅಪರಾಧ. ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದವಳನ್ನು ಮದುವೆಯಾಗುವುದು ಅಪರಾಧ. ಎಂಟು ವರ್ಷ! ಅಂಥ ಕಾನೂನು ಬೇಕಾದದ್ದು ಕುರಿ ಕಾಯುವವರಿಗೋಸ್ಕರ ಅಲ್ಲ. ಮೈನೆರೆಯುವ ಮೊದಲೇ ಕನ್ಯಾದಾನ ಆಗದಿದ್ದರೆ ನರಕ ಎಂದು ನಂಬಿದ್ದ ಓದಿದ ಜಾತಿಗಳಿಗೋಸ್ಕರ. ಧರ್ಮ ಮುಳುಗಿತು ಎಂದು ಆಗ ಕೂಗಿದವರೂ ಇದ್ದರು. ಎಂ.ಕೆ. ಇಂದಿರಾ ಅವರ 'ಫಣಿಯಮ್ಮ' ಓದಿದವರಿಗೆ ಗೊತ್ತು, ಬಾಲ್ಯದಲ್ಲೇ ಮದುವೆಯಾಗಿ ವಿಧವೆಯಾದ ಹೆಣ್ಣೊಬ್ಬಳು ಒಂದಿಡೀ ಶತಮಾನದಷ್ಟು ಬದುಕನ್ನು ಹೇಗೆ ಸವೆಸಿದಳು ಎಂದು. ಅದೇ ಮನೆತನಗಳ ಮೊಮ್ಮಕ್ಕಳು ಇಂದು ಇಪ್ಪತ್ತೆಂಟಕ್ಕೆ, ಮೂವತ್ತಕ್ಕೆ ಮದುವೆಯಾಗುತ್ತಾರೆ. ಯಾವ ಧರ್ಮವೂ ಮುಳುಗಲಿಲ್ಲ. ಎರಡು ಮೂರು ತಲೆಮಾರಿನಲ್ಲಿ ಅವರಿಗೆ ಬಿಡಲು ಸಾಧ್ಯವಾದದ್ದು ನಮಗೇಕೆ ಸಾಧ್ಯವಿಲ್ಲ? ಅವರಿಗೆ ಶಾಲೆ, ಸಂಬಳ, ಪಟ್ಟಣದ ಮನೆ ಮೊದಲು ಸಿಕ್ಕಿತು, ನಿಜ. ಅದು ಸಿಗದ ಸಿಟ್ಟನ್ನು ಸರ್ಕಾರದ ಮೇಲೆ ತೀರಿಸಿಕೊಳ್ಳೋಣ, ಮಗಳ ಮೇಲೆ ಅಲ್ಲ.

ಈಗ ಆ ಹುಡುಗಿಯ ಮೈಗೆ ಏನಾಗುತ್ತದೆ ಎಂದು ನೋಡೋಣ. ಇದನ್ನು ಗಂಡಸರು ಎದ್ದು ಹೋಗದೆ ಕೂತು ಓದಬೇಕು.

ಹದಿನೈದು ಹದಿನಾರರಲ್ಲಿ ಹೆಣ್ಣಿನ ಸೊಂಟದ ಮೂಳೆ ಇನ್ನೂ ಬೆಳೆಯುತ್ತಿರುತ್ತದೆ. ತಾನೇ ಬೆಳೆಯಬೇಕಾದ ಮೈಯೊಳಗೆ ಇನ್ನೊಂದು ಮೈ ಬೆಳೆಯಲು ಶುರುವಾದರೆ ಇರುವ ರಕ್ತ ಇಬ್ಬರಿಗೂ ಸಾಲುವುದಿಲ್ಲ. ನಮ್ಮ ರಾಜ್ಯದಲ್ಲಿ ಹೆಚ್ಚೂಕಮ್ಮಿ ಅರ್ಧದಷ್ಟು ಹೆಂಗಸರಿಗೆ ರಕ್ತಹೀನತೆ ಇದೆ. ಅದರ ಮೇಲೆ ಹದಿಹರೆಯದ ಬಸಿರು. ನಂಜು ಏರಿ ಫಿಟ್ಸ್ ಬರುವುದು, ಮಗು ಅಡ್ಡ ಸಿಕ್ಕಿಕೊಂಡು ಗಂಟೆಗಟ್ಟಲೆ ಒದ್ದಾಡುವುದು, ಹೆರಿಗೆಯಾದ ಮೇಲೆ ಸೋಂಕು, ಇವೆಲ್ಲ ಇಪ್ಪತ್ತು ದಾಟಿದವಳಿಗಿಂತ ಇವಳಿಗೆ ಹೆಚ್ಚು. ಹುಟ್ಟಿದ ಮಗು ಎರಡೂವರೆ ಕೆ.ಜಿ. ತೂಗದೆ ಇರುವುದೂ ಹೆಚ್ಚು. ಹೆರಿಗೆಯಲ್ಲಿ ಒಳಗೆ ಹರಿದು, ಮೂತ್ರ ಸೋರುತ್ತ, "ಅವಳ ಹತ್ರ ವಾಸನೆ" ಎಂದು ಗಂಡನ ಮನೆಯವರು ದೂರ ಇಟ್ಟ ಹೆಣ್ಣನ್ನು ನೀವು ನೋಡಿಲ್ಲದಿರಬಹುದು. ನೋಡದಂತೆ ಅವಳನ್ನು ಒಳಗೆ ಕೂರಿಸಿರುತ್ತಾರೆ.

ಇಷ್ಟು ಅಪಾಯ ಇರುವವಳೇ ಆಸ್ಪತ್ರೆಗೆ ಮೊದಲು ಹೋಗಬೇಕು. ಅವಳೇ ಕೊನೆಗೆ ಹೋಗುತ್ತಾಳೆ. ತಾಯಿ ಕಾರ್ಡ್ ಮಾಡಿಸಬೇಕಾದರೆ ವಯಸ್ಸು ಹೇಳಬೇಕು, ಹದಿನೆಂಟು ತುಂಬದಿದ್ದರೆ ಡಾಕ್ಟರು ಪೊಲೀಸರಿಗೆ ತಿಳಿಸಲೇಬೇಕು, ಪೋಕ್ಸೊ ಕೇಸು ಬೀಳುತ್ತದೆ. ಹಾಗಾಗಿ ಆಧಾರ್ ತಿದ್ದುತ್ತಾರೆ, ಇಲ್ಲವೇ ಐದಾರು ತಿಂಗಳು ಯಾರಿಗೂ ತೋರಿಸದೆ ಮನೆಯಲ್ಲೇ ಇಡುತ್ತಾರೆ. ಕಾನೂನು ತಪ್ಪು ಎಂದು ಇದರ ಅರ್ಥವಲ್ಲ. ಮದುವೆಯ ದಿನ ನಿದ್ದೆ ಮಾಡಿದ ಕಾನೂನು ಹೆರಿಗೆಯ ದಿನ ಎದ್ದು ಕೂತರೆ, ಅದರ ಏಟು ಬೀಳುವುದು ಹುಡುಗಿಗೇ ಎಂಬುದಷ್ಟೇ ನನ್ನ ಮಾತು.

ಕಾಡುಗೊಲ್ಲರ ಹಟ್ಟಿಗಳಲ್ಲಿ ಮುಟ್ಟಾದವಳನ್ನು, ಬಾಣಂತಿಯನ್ನು ಹಟ್ಟಿಯ ಹೊರಗೆ ಇರಿಸುವ ಪದ್ಧತಿ ಇನ್ನೂ ಪೂರ್ತಿ ಸತ್ತಿಲ್ಲ. 2023ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಹೀಗೆ ಮಳೆಯಲ್ಲಿ ಹೊರಗಿನ ಗುಡಿಸಲಲ್ಲಿದ್ದ ಹಸುಗೂಸು ತೀರಿಕೊಂಡಾಗ ಇಡೀ ರಾಜ್ಯ ನಮ್ಮ ಜಿಲ್ಲೆಯ ಕಡೆ ತಿರುಗಿ ನೋಡಿತು. ವಯಸ್ಸಿನಲ್ಲಿ ದೊಡ್ಡವಳಾದ ತಾಯಿಗೇ "ನಾನು ಹೊರಗೆ ಇರಲಾರೆ" ಎನ್ನಲು ಬಾಯಿ ಬರದ ಜಾಗದಲ್ಲಿ ಹದಿನಾರರ ತಾಯಿ ಏನೆಂದಾಳು? ಆ ಹಟ್ಟಿಗಳ ಹುಡುಗಿಯರೇ ಈಗ ಕಾಲೇಜಿಗೆ ಹೋಗಿ ಈ ಪದ್ಧತಿಯನ್ನು ಪ್ರಶ್ನಿಸುತ್ತಿರುವುದೂ ಅಷ್ಟೇ ನಿಜ. ಓದು ನಿಲ್ಲಿಸಿ ಮದುವೆ ಮಾಡಿದರೆ ನಿಲ್ಲುವುದು ಆ ಪ್ರಶ್ನೆಯೂ ಹೌದು.

ಮುಂದಿನದು ನಮ್ಮ ಊರುಗಳಲ್ಲಿ ಎಲ್ಲರಿಗೂ ಗೊತ್ತಿರುವ ಲೆಕ್ಕ. ಹದಿನಾರಕ್ಕೆ ಮದುವೆ, ಇಪ್ಪತ್ತರ ಹೊತ್ತಿಗೆ ಎರಡು ಮಕ್ಕಳು, ಇಪ್ಪತ್ತೆರಡಕ್ಕೆ ಆಪರೇಷನ್. ಮೂವತ್ತರ ಆಸುಪಾಸಿನಲ್ಲಿ ಹೊಟ್ಟೆನೋವೆಂದು ಹೋದರೆ ಗರ್ಭಕೋಶ ತೆಗೆಸಿಬಿಡಿ ಎಂಬ ಸಲಹೆ. ಮೂವತ್ತೈದಕ್ಕೆ ಅಜ್ಜಿ. ಉಳಿದವರು ಬದುಕು ಶುರುಮಾಡುವ ವಯಸ್ಸಿನಲ್ಲಿ ಇವಳ ಮೈ ಕೆಲಸ ಮುಗಿಸಿಕೊಂಡಿರುತ್ತದೆ, ಆದರೆ ಕೂಲಿ ಮುಗಿಯುವುದಿಲ್ಲ. ಗಂಡ ಕುಡುಕನಾದರೆ ತವರಿಗೆ ಬರುತ್ತಾಳೆ. "ಕೊಟ್ಟ ಹೆಣ್ಣು ಕುಲಕ್ಕೆ ಹೊರಗು" ಎಂದು ತವರು ಬಾಗಿಲಲ್ಲೇ ಮಾತಾಡಿಸುತ್ತದೆ. ಕೈಯಲ್ಲಿ ಎಸ್ಸೆಸ್ಸೆಲ್ಸಿ ಕಾರ್ಡ್ ಇದ್ದಿದ್ದರೆ ಅಂಗನವಾಡಿಗಾದರೂ ಅರ್ಜಿ ಹಾಕುತ್ತಿದ್ದಳು. ನಾನು ಒಬ್ಬಟ್ಟು ತಿಂದು ಬಂದ ಮದುವೆಯ ಹುಡುಗಿ ಎಷ್ಟೋ ವರ್ಷದ ಮೇಲೆ ಸಂತೆಯಲ್ಲಿ ಸಿಕ್ಕಿ, ತನ್ನ ಮಗಳನ್ನು ತೋರಿಸಿ, "ಇವಳು ಏಳನೇ ಕ್ಲಾಸು ಮೇಡಂ, ಇವಳಿಗೂ ಕೇಳ್ಕಂಡು ಬತ್ತಾವ್ರೆ" ಅಂದಳು. ನನ್ನ ಕೈಯ ಚೀಲದಲ್ಲಿ ಟೊಮೆಟೊ ಇತ್ತು, ಅದನ್ನು ಸರಿಮಾಡಿಕೊಳ್ಳುವವಳ ಹಾಗೆ ತಲೆ ತಗ್ಗಿಸಿದೆ.

ಕಾನೂನು ಇಲ್ಲದೆ ಹೀಗಾಯಿತೇ? 1978ರಿಂದ ಹೆಣ್ಣಿಗೆ ಹದಿನೆಂಟು ಎಂದಿದೆ. 2006ರಲ್ಲಿ ಬಾಲ್ಯವಿವಾಹ ನಿಷೇಧ ಕಾಯ್ದೆ ಬಂತು: ಮದುವೆ ಮಾಡಿಸಿದವರಿಗೆ, ನಡೆಸಿದವರಿಗೆ, ಕುಮ್ಮಕ್ಕು ಕೊಟ್ಟವರಿಗೆ ಎರಡು ವರ್ಷದವರೆಗೆ ಸೆರೆ, ಒಂದು ಲಕ್ಷದವರೆಗೆ ದಂಡ. ಹೊಣೆ ಹೊತ್ತವರು ಅಂಥ ಮದುವೆಗೆ ಹೋಗಿ ನಿಲ್ಲುವುದೂ ಆ ಕಾಯ್ದೆಯ ಕಣ್ಣಲ್ಲಿ ಅಪರಾಧವೇ. ಬಾಲ್ಯವಿವಾಹ ತಡೆಯುವುದು ಹೇಗೆಂದು ನ್ಯಾಯಮೂರ್ತಿ ಶಿವರಾಜ ಪಾಟೀಲರ ಸಮಿತಿ 2011ರಲ್ಲಿ ವರದಿ ಕೊಟ್ಟಿತು. ಆಮೇಲೆ ಕರ್ನಾಟಕ 2016ರ ತಿದ್ದುಪಡಿಯಿಂದ ಬೇರೆ ರಾಜ್ಯಗಳಿಗಿಂತ ಒಂದು ಹೆಜ್ಜೆ ಮುಂದೆ ಹೋಗಿ, ಇಂಥ ಮದುವೆ ಮೊದಲಿನಿಂದಲೇ ಅಸಿಂಧು ಎಂದಿತು. ಅಂದರೆ ಆ ತಾಳಿ ಕಾನೂನಿನ ಲೆಕ್ಕದಲ್ಲಿ ದಾರ. 2017ರ ಅಕ್ಟೋಬರ್ 11ರಂದು ಸುಪ್ರೀಂ ಕೋರ್ಟು, ಹದಿನೆಂಟು ತುಂಬದ ಹೆಂಡತಿಯ ಜೊತೆಗಿನ ಸಂಬಂಧವೂ ಅತ್ಯಾಚಾರವೇ ಎಂದಿತು. ಹೆಣ್ಣುಮಗುವಿನ ಹೆಸರಲ್ಲಿ ಸರ್ಕಾರ ಇಟ್ಟ ಭಾಗ್ಯಲಕ್ಷ್ಮಿ ಬಾಂಡಿನ ಹಣವೂ ಹದಿನೆಂಟಕ್ಕೆ ಮೊದಲು ಮದುವೆಯಾದರೆ ಕೈಗೆ ಬರುವುದಿಲ್ಲ. ಆ ಯೋಜನೆಯ ಮೊದಲ ಮಕ್ಕಳಿಗೆ 2024ರಲ್ಲಿ ಹದಿನೆಂಟು ತುಂಬಿತು.

ಇಷ್ಟೆಲ್ಲ ಇದ್ದೂ, ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2015-16ರಲ್ಲಿ ಎಣಿಸಿದಾಗ ಕರ್ನಾಟಕದ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21.4 ಮಂದಿ ಹದಿನೆಂಟಕ್ಕೆ ಮೊದಲೇ ಮದುವೆಯಾಗಿದ್ದರು. 2019-21ರಲ್ಲಿ ಮತ್ತೆ ಎಣಿಸಿದಾಗ 21.3. ಅದೇ ಅವಧಿಯಲ್ಲಿ ದೇಶದ ಲೆಕ್ಕ 26.8ರಿಂದ 23.3ಕ್ಕೆ ಇಳಿಯಿತು. ಎಲ್ಲರಿಗಿಂತ ಗಟ್ಟಿ ಕಾನೂನು ಮಾಡಿದ ರಾಜ್ಯದಲ್ಲಿ ಕದಲಿದ್ದು ದಶಮಾಂಶದ ಒಂದು ಅಂಕಿ.

ಯಾಕೆ ಕದಲಲಿಲ್ಲ ಎಂದು ನಮಗೆ ಗೊತ್ತು. ಯಾರೋ ಫೋನು ಮಾಡುತ್ತಾರೆ, ಶಿಶು ಅಭಿವೃದ್ಧಿ ಯೋಜನಾಧಿಕಾರಿಯ (ಸಿಡಿಪಿಒ) ಜೀಪು ಬರುತ್ತದೆ. ಚಪ್ಪರ ಇರುತ್ತದೆ. "ಇದು ಬರೀ ಹೂ ಮುಡಿಸೋ ಶಾಸ್ತ್ರ ಸಾರ್" ಅನ್ನುತ್ತಾರೆ. ಅಪ್ಪನಿಂದ ಮುಚ್ಚಳಿಕೆ ಬರೆಸಿಕೊಳ್ಳುತ್ತಾರೆ, ಫೋಟೊ ತೆಗೆಯುತ್ತಾರೆ, ಮರುದಿನ ಪತ್ರಿಕೆಯಲ್ಲಿ "ಬಾಲ್ಯವಿವಾಹಕ್ಕೆ ತಡೆ" ಎಂದು ಬರುತ್ತದೆ. ಜೀಪು ಹೋದ ಮೂರನೇ ರಾತ್ರಿ ಗಡಿ ದಾಟಿ ಹಿಂದೂಪುರದ ಕಡೆಯೋ ಮಡಕಶಿರಾದ ಕಡೆಯೋ ಯಾವುದಾದರೂ ಗುಡಿಯ ಮುಂದೆ ತಾಳಿ ಬೀಳುತ್ತದೆ. ಆ ಮುಚ್ಚಳಿಕೆಯನ್ನು ಹಿಡಿದು ತಿಂಗಳ ಮೇಲೆ ಆ ಮನೆಗೆ ಮತ್ತೆ ಹೋದ ಅಧಿಕಾರಿಯನ್ನು ಕಂಡರೆ ನಾನೇ ಹೋಗಿ ಕೈ ಮುಗಿಯುತ್ತೇನೆ.

ಆದರೆ ಜೀಪಿನ ಮೇಲೆ ಎಲ್ಲ ಹೊರಿಸಿ ಎದ್ದು ಹೋಗಲು ನಾನು ಬಿಡುವುದಿಲ್ಲ. ಒಂದು ಮದುವೆ ಎಂದರೆ ಎಷ್ಟು ಕೈ? ಶಾಮಿಯಾನದವನು ಎರಡು ದಿನ ಮೊದಲೇ ಗೂಟ ಹೊಡೆಯುತ್ತಾನೆ. ಅಡುಗೆಭಟ್ಟ ಸಾಮಾನಿನ ಪಟ್ಟಿ ಬರೆಸುತ್ತಾನೆ. ಪುರೋಹಿತರು ಮುಹೂರ್ತ ಇಡುವಾಗ ಹುಡುಗಿಯ ಜಾತಕವನ್ನೇ ಕೈಯಲ್ಲಿ ಹಿಡಿದಿರುತ್ತಾರೆ. ಜಾತಕದಲ್ಲಿ ನಕ್ಷತ್ರ ಕಂಡವರಿಗೆ ಇಸವಿ ಕಾಣುವುದಿಲ್ಲವೇ? ಓಲಗದವರು, ಫೋಟೊದವನು, ಸೀರೆ ಅಂಗಡಿಯವನು, ತಾಳಿ ಮಾಡಿದ ಅಕ್ಕಸಾಲಿ, ಆಶೀರ್ವಾದ ಮಾಡಲು ಕಾರಿನಲ್ಲಿ ಬಂದು ಹತ್ತು ನಿಮಿಷ ನಿಲ್ಲುವ ಜನಪ್ರತಿನಿಧಿ. ಆಮೇಲೆ ಇನ್ನೂರು ಮುನ್ನೂರು ಎಲೆ. ಒಬ್ಬೊಬ್ಬರಿಗೂ ಗೊತ್ತಿರುತ್ತದೆ. ಹುಡುಗಿ ಶಾಲೆಯ ಯೂನಿಫಾರ್ಮಿನಲ್ಲಿ ಓಡಾಡಿದ್ದನ್ನು ಹೋದ ವಾರ ನೋಡಿದವರೇ ಈ ವಾರ ಅಕ್ಷತೆ ಎಸೆಯುತ್ತಾರೆ. ಅಪ್ಪ ಒಬ್ಬನೇ ಈ ಮದುವೆ ಮಾಡಲಾರ. ಉಂಡು ಹರಸಿ ಹೋಗುವ ನಾವಿದ್ದೇವೆ ಎಂಬ ಧೈರ್ಯದಲ್ಲಿ ಮಾಡುತ್ತಾನೆ.

ಅದಕ್ಕೇ ಕೇಳುತ್ತಿದ್ದೇನೆ: ಆ ಎಲೆಗೆ ಕೂರಬೇಡಿ. ಮರುದಿನದ ಬೀಗರೂಟಕ್ಕೂ ಹೋಗಬೇಡಿ. ನಮ್ಮ ಸೀಮೆಯಲ್ಲಿ ಕರೆದವರ ಮನೆಗೆ ಉಣ್ಣಲು ಹೋಗದಿರುವುದು ಎಷ್ಟು ದೊಡ್ಡ ಮಾತು ಎಂದು ನನಗೆ ಗೊತ್ತು. ಮಾತು ಬಿಟ್ಟುಹೋಗುತ್ತದೆ, ಮುಂದಿನ ಹಬ್ಬಕ್ಕೆ ನಮ್ಮ ಮನೆಗೂ ಅವರು ಬರುವುದಿಲ್ಲ. ಆ ಬೆಲೆ ಇರುವುದರಿಂದಲೇ ಈ ಅಸ್ತ್ರ ಕೆಲಸ ಮಾಡುತ್ತದೆ. ಮುನ್ನೂರು ಎಲೆ ಹಾಕಿದ ಕಡೆ ಮೂವತ್ತು ಜನ ಮಾತ್ರ ಬಂದ ಒಂದೇ ಒಂದು ಮದುವೆ ಒಂದು ಹೋಬಳಿಯಲ್ಲಿ ನಡೆದರೆ ಸಾಕು, ಆ ಸುದ್ದಿ ಡಿಸಿ ಆದೇಶಕ್ಕಿಂತ ವೇಗವಾಗಿ ಊರೂರು ಸುತ್ತುತ್ತದೆ.

ಅಡುಗೆಯವರೇ, ಪಟ್ಟಿ ಬರೆಸುವ ಮೊದಲು ಹುಡುಗಿಯ ಶಾಲೆಯ ದಾಖಲೆ ಕೇಳಿ; ಒಂದು ಮದುವೆ ಕೈಬಿಟ್ಟರೆ ನಿಮ್ಮ ಒಲೆ ಆರುವುದಿಲ್ಲ. ಛತ್ರದ ಮಾಲೀಕರೇ, ಮುಂಗಡ ಪಡೆಯುವಾಗ ಆಧಾರ್ ಒಂದನ್ನೇ ನಂಬಬೇಡಿ, ಅದನ್ನು ತಿದ್ದಿಸಿರುತ್ತಾರೆ. ಮಠಗಳ ಸ್ವಾಮಿಗಳೇ, ಬುದ್ಧೀ, ನಿಮ್ಮ ಒಂದು ಮಾತಿಗೆ ಈ ಸೀಮೆಯಲ್ಲಿರುವ ಬೆಲೆ ಯಾವ ಕಾಯ್ದೆಗೂ ಇಲ್ಲ. ಗಂಡುಮಕ್ಕಳಿಗೆ ತೆರೆದ ದಾಸೋಹದಷ್ಟೇ ದೊಡ್ಡದಾಗಿ, ವಲಸೆ ಹೋಗುವ ಕೂಲಿಯ ಹೆಣ್ಣುಮಗಳು ಮಲಗಿ ಓದಲು ಒಂದು ಮಾಡು ಪ್ರತಿ ಹೋಬಳಿಯಲ್ಲೂ ತೆರೆಯಿರಿ. ಸರ್ಕಾರದ ಹಾಸ್ಟೆಲಿಗೆ ಸೀಟು ಸಾಲದೆ ವಾಪಸು ಬಂದ ಹುಡುಗಿಯ ಹೆಸರೇ ಮುಂದಿನ ಲಗ್ನಪತ್ರಿಕೆಯಲ್ಲಿರುತ್ತದೆ ಎಂದು ಶಾಸಕರು ತಿಳಿಯಬೇಕು. ಮೂವತ್ತು ದಾಟಿ ಹೆಣ್ಣು ಹುಡುಕುತ್ತಿರುವ ತಮ್ಮಂದಿರೇ, ನಿಮ್ಮ ಒಂಟಿತನ ನನಗೆ ಅರ್ಥವಾಗುತ್ತದೆ. ಅದಕ್ಕೆ ಮಗುವೊಂದನ್ನು ಮದ್ದಾಗಿ ಅರೆಯಬೇಡಿ. ವಿಧವೆಯರಿದ್ದಾರೆ, ಬಿಟ್ಟುಬಂದವರಿದ್ದಾರೆ, ಬೇರೆ ಜಾತಿಯಲ್ಲಿ ನಿಮ್ಮಷ್ಟೇ ಒಂಟಿಯಾದ ಮೂವತ್ತರ ಹೆಂಗಸರಿದ್ದಾರೆ. ಅವರ ಕಡೆ ನೋಡಲು ಅಡ್ಡ ಬರುತ್ತಿರುವುದು ಯಾವುದು?

ಇನ್ನು ನನ್ನ ವೃತ್ತಿಬಾಂಧವರಿಗೆ. ಮುಖ್ಯೋಪಾಧ್ಯಾಯರೂ ಬಾಲ್ಯವಿವಾಹ ನಿಷೇಧಾಧಿಕಾರಿಗಳೇ ಎಂದು ಸರ್ಕಾರ ಗೊತ್ತುಮಾಡಿದೆ. ಪಿಡಿಒ, ಗ್ರಾಮ ಆಡಳಿತಾಧಿಕಾರಿಗಳೂ ಹೌದು. ಆ ಆದೇಶ ನಮ್ಮ ಶಾಲೆಗಳ ಬೀರುವಿನಲ್ಲಿ ಮಡಚಿ ಕೂತಿದೆ. ಮೂರು ದಿನ ಬಾರದ ಹುಡುಗಿಯ ಮನೆಗೆ ನಾಲ್ಕನೇ ದಿನ ಹೋಗಿ. "ಊರವರ ದ್ವೇಷ ಯಾಕೆ, ವರ್ಗಾವಣೆ ಆದರೆ ಕಷ್ಟ" ಎಂದು ನೀವು ಅನ್ನುವುದು ನನಗೆ ಕೇಳಿಸುತ್ತಿದೆ. ನಾನೂ ಹಾಗೆಯೇ ಅಂದು ಒಬ್ಬಟ್ಟು ತಿಂದೆ.

ಫೋನು ಮಾಡಬೇಕಾದದ್ದು ಮಕ್ಕಳ ಸಹಾಯವಾಣಿ 1098ಕ್ಕೆ. ಹಗಲೂ ರಾತ್ರಿಯೂ ಎತ್ತುತ್ತಾರೆ, ದುಡ್ಡು ಕತ್ತರಿಸುವುದಿಲ್ಲ, ನಿಮ್ಮ ಹೆಸರು ಹೇಳಲೇಬೇಕೆಂದಿಲ್ಲ. ಹುಡುಗಿಯೇ ಮಾಡಬಹುದು. ಮ್ಯಾಜಿಸ್ಟ್ರೇಟರು ತಡೆಯಾಜ್ಞೆ ಕೊಡಬಹುದು. ತಡೆಯಾಜ್ಞೆ ಇದ್ದ ಮೇಲೂ ಮದುವೆ ಮಾಡಿದರೆ ಅದು ಯಾವ ರಾಜ್ಯದ ಗುಡಿಯಲ್ಲಾದರೂ ಮದುವೆಯೇ ಅಲ್ಲ. ಹಾಗಾಗಿ ಮುಚ್ಚಳಿಕೆಗೆ ನಿಲ್ಲಬೇಡಿ, ತಡೆಯಾಜ್ಞೆ ಕೇಳಿ. ಈಗಾಗಲೇ ಮದುವೆಯಾಗಿಹೋದ ಹುಡುಗಿಯರನ್ನೂ ಮರೆಯಬೇಡಿ. ಅವರನ್ನು ಮತ್ತೆ ಶಾಲೆಗೆ ಕರೆತರಲು ಯಾವ ಕಾನೂನೂ ಅಡ್ಡಿಯಿಲ್ಲ, ತಾಳಿ ಕಟ್ಟಿಕೊಂಡವಳು ಎಸ್ಸೆಸ್ಸೆಲ್ಸಿ ಬರೆಯಬಾರದೆಂದು ಎಲ್ಲೂ ಬರೆದಿಲ್ಲ. ಬಸುರಿಯಾಗಿದ್ದರೆ ಮೊದಲು ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಕೇಸಿನ ಮಾತು ಆಮೇಲೆ.

ಮೊನ್ನೆ ನಮ್ಮ ಮನೆಗೂ ಒಂದು ಕರೆ ಬಂದಿದೆ. ಕಾರ್ಡ್ ಹೊಡೆಸಿಲ್ಲವಂತೆ, ಬಾಯಿಮಾತಲ್ಲೇ ಕರೆದರು, ಅರಿಶಿನ ಕುಂಕುಮ ಕೊಟ್ಟರು. ಹುಡುಗಿ ಹುಟ್ಟಿದ ತಾರೀಖು ಯಾವುದು ಎಂದು ಕೇಳಿದೆ. ಮನೆಗೆ ಹೋಗಿ ನೋಡಿ ಹೇಳುತ್ತೇವೆ ಅಂದರು. ಇನ್ನೂ ಹೇಳಿಲ್ಲ. ಇವತ್ತು ಸಂಜೆಯವರೆಗೆ ಕಾಯುತ್ತೇನೆ, ಆಮೇಲೆ 1098.